ಸಗರನಾಡಿನ ಕ್ರೀಡಾಭಿಮಾನ: ನಿಷ್ಠೆ, ಸೋಲು ಮತ್ತು ತೀರದ ಋಣ

ಕ್ರೀಡಾಸಕ್ತಿ ಬೇರೆ, ಕ್ರೀಡಾಭಿಮಾನ ಬೇರೆ. ಯಾರು ಆಡಿದರೂ ಆಟ ಚೆನ್ನಾಗಿದ್ದರೆ ಸಾಕು ಎಂದು ಕೂತು ನೋಡುವವನು ಆಸಕ್ತ. ತನ್ನ ಊರಿನ ಅಥವಾ ತನ್ನ ನಾಡಿನ ಹೆಸರು ಹೊತ್ತವರು ಕಣಕ್ಕಿಳಿದಾಗ ಎದೆಬಡಿತ ಏರುವವನು, ಅವರು ಗೆದ್ದರೆ ಬೀದಿಗೆ ಬಂದು ಕುಣಿಯುವವನು, ಸೋತರೆ ಮನೆಯಲ್ಲಿ ಸಾವಾದವರ ಹಾಗೆ ಊಟ ಬಿಟ್ಟು ಮಲಗುವವನು ಅಭಿಮಾನಿ. ಆಸಕ್ತನಿಗೆ ಆಟ ಮುಗಿದೊಡನೆ ಎಲ್ಲ ಮುಗಿಯುತ್ತದೆ, ಅಭಿಮಾನಿಗೆ ಸೋಲು ವರ್ಷಗಟ್ಟಲೆ ಉಳಿಯುತ್ತದೆ. ಅಭಿಮಾನಿಯ ಈ ನಿಷ್ಠೆಯನ್ನು ಹುಚ್ಚೆಂದು ತಳ್ಳಿಹಾಕುವವರು ಬಹಳ ಮಂದಿ ಇದ್ದಾರೆ. ಆದರೆ ಒಂದು ನಾಡು ತನ್ನನ್ನು ತಾನು ಏನೆಂದು ತಿಳಿದುಕೊಂಡಿದೆ, ಯಾರೊಡನೆ ಸೇರಿಸಿಕೊಳ್ಳಲು ಹಂಬಲಿಸುತ್ತದೆ, ಆ ಹಂಬಲಕ್ಕೆ ಎದುರಿನಿಂದ ಏನು ಮರಳಿ ಬಂದಿದೆ ಎಂಬುದನ್ನು ಅರಿಯಲು ಕ್ರೀಡಾಭಿಮಾನಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. ಸಗರನಾಡಿನ ಮಟ್ಟಿಗೆ ಈ ಸಾಕ್ಷ್ಯವನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಸಗರನಾಡು ಎಂದರೆ ಶಹಾಪುರದ ಸಮೀಪದ ಸಗರ ಗ್ರಾಮದಿಂದ ಹೆಸರು ಪಡೆದ, ಇಂದಿನ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳನ್ನು ಒಳಗೊಂಡ, ಕೃಷ್ಣಾ ಮತ್ತು ಭೀಮಾ ನದಿಗಳ ಸೀಮೆಯ ನಾಡು. ಆಡಳಿತದ ಲೆಕ್ಕದಲ್ಲಿ ಇದು ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದು, 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗಿ ಬೇರೆಯಾಯಿತು. 2011ರ ಜನಗಣತಿಯಂತೆ ಈ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇಕಡಾ 51.83, ಅಂದರೆ ಅಕ್ಷರದಲ್ಲಿ ಇಡೀ ರಾಜ್ಯದ ಕೊನೆಯ ಜಿಲ್ಲೆ. ಈ ಅಂಕಿಯನ್ನು ಹೊರಗಿನವರು ಹೇಳಿದಷ್ಟು ಸಲ ಈ ನಾಡಿನ ಬೇರಾವ ಸಂಗತಿಯನ್ನೂ ಹೇಳುವುದಿಲ್ಲ. ಕೊನೆಯ ಸ್ಥಾನದ ಜಿಲ್ಲೆಯೆಂಬ ಮಾತನ್ನು ಕೇಳಿಕೊಂಡೇ ಬೆಳೆಯುವ ಹುಡುಗನಿಗೆ ಊರಿನ ಅಭಿಮಾನ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಚರಿತ್ರೆಯ ಕಡೆಗೆ ಹೋಗಬೇಕು.

ಸುರಪುರದ ನಾಯಕ ಅರಸರ ಚರಿತ್ರೆಯಲ್ಲಿ ಎರಡು ಘಟನೆಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. 1705ರಲ್ಲಿ ಮೊಗಲ್ ಬಾದಶಹ ಔರಂಗಜೇಬನು ಸ್ವತಃ ದಂಡೆತ್ತಿ ಬಂದು ಅವರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಕಾದಾಟದ ಕೊನೆಗೆ ಕೋಟೆ ಅವನ ಕೈಸೇರಿತಾದರೂ ಅರಸ ಪಿಡ್ಡನಾಯಕ ಸಿಗಲಿಲ್ಲ, ಮತ್ತು ಆ ಮುತ್ತಿಗೆಯೇ ಬಾದಶಹನ ಬದುಕಿನ ಕೊನೆಯ ದೊಡ್ಡ ಮುತ್ತಿಗೆಯಾಯಿತು. ಒಂದೂವರೆ ಶತಮಾನದ ನಂತರ, 1858ರಲ್ಲಿ, ತರುಣ ಅರಸ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು, ಸೋತು, ಬಂಧಿತನಾಗಿ ಅದೇ ವರ್ಷ ತೀರಿಕೊಂಡ; ಸಂಸ್ಥಾನವನ್ನು 1860ರಲ್ಲಿ ಬ್ರಿಟಿಷರು ನಿಜಾಮನಿಗೆ ಒಪ್ಪಿಸಿದರು. ಲೆಕ್ಕ ಹಾಕಿದರೆ ಎರಡೂ ಸೋಲುಗಳೇ. ಆದರೆ ಸಗರನಾಡಿನ ಜನ ಇವನ್ನು ಸೋಲೆಂದು ನೆನೆಯುವುದಿಲ್ಲ. ವೆಂಕಟಪ್ಪ ನಾಯಕನ ಹೆಸರನ್ನು ಇಲ್ಲಿ ಎದೆಯುಬ್ಬಿಸಿ ಹೇಳುತ್ತಾರೆ, ಏಕೆಂದರೆ ಎದುರಾಳಿ ಎಷ್ಟು ದೊಡ್ಡವನು ಮತ್ತು ನಮ್ಮವನು ಬೆನ್ನು ತೋರಿಸಿದನೋ ಇಲ್ಲವೋ ಎಂಬುದು ಇಲ್ಲಿನ ಅಳತೆ. ಕ್ರೀಡಾಭಿಮಾನವನ್ನು ನೇರವಾಗಿ ಈ ಯುದ್ಧಗಳಿಂದ ಹುಟ್ಟಿಸುವುದು ಅತಿರೇಕವಾದೀತು. ಆದರೂ ಸೋತವನನ್ನು ಕೈಬಿಡದ ನಾಡೊಂದರಲ್ಲಿ ಸೋಲುವ ತಂಡವನ್ನು ಕೈಬಿಡದ ಅಭಿಮಾನಿ ಹುಟ್ಟುವುದು ಸಹಜವೆಂದು ಹೇಳಲು ಅಡ್ಡಿಯಿಲ್ಲ.

ಈ ಅಳತೆಯನ್ನು ಕಣ್ಣಾರೆ ಕಾಣಬೇಕಾದರೆ ಜಾತ್ರೆಯ ಕುಸ್ತಿಗೆ ಹೋಗಬೇಕು. ಉಳುಮೆ ಮಾಡಿದಷ್ಟು ಸಡಿಲಗೊಳಿಸಿದ ಕೆಂಪು ಮಣ್ಣಿನ ಕಣದ ಸುತ್ತ ಜನ ಸೇರಿ, ಹಲಗಿಯ ಬಡಿತ ಶುರುವಾದಾಗ ಮೊದಲು ಇಳಿಯುವವರು ಹತ್ತು ಹನ್ನೆರಡು ವರ್ಷದ ಹುಡುಗರು. ಅವರ ಜೋಡಿಗೆ ಬಹುಮಾನ ಒಂದು ತೆಂಗಿನಕಾಯಿ. ಹೊತ್ತು ಇಳಿದಂತೆ ಪೈಲ್ವಾನರ ವಯಸ್ಸು, ತೂಕ ಮತ್ತು ಬಹುಮಾನ ಮೂರೂ ಏರುತ್ತ ಹೋಗಿ, ಕೊನೆಯ ಜೋಡಿಗೆ ಬೆಳ್ಳಿಯ ಕಡಗ ಇರುತ್ತದೆ. ಜೋಡಿ ಹಚ್ಚುವ ಪಂಚರು ಪೈಲ್ವಾನನ ಹೆಸರಿನೊಂದಿಗೆ ಅವನ ಊರಿನ ಹೆಸರನ್ನೂ ಕೂಗುತ್ತಾರೆ, ಮತ್ತು ಆ ಕ್ಷಣದಿಂದ ಕಣದಲ್ಲಿರುವುದು ಎರಡು ಊರುಗಳು. ಅವನು ಚಿತ್ ಆದರೆ ಊರೇ ಚಿತ್. ಆದರೆ ಬೆನ್ನು ಮಣ್ಣಿಗೆ ತಾಗದಂತೆ ಬಹಳ ಹೊತ್ತು ಹೆಣಗಿ, ಕೊನೆಗೆ ಸೋತ ಹುಡುಗನನ್ನು ಅವನ ಊರಿನವರು ಹೆಗಲ ಮೇಲೆ ಹೊತ್ತು ನಡೆಯುವುದೂ ಉಂಟು, ಗೆದ್ದವನ ಊರಿನವರೇ ಸೋತವನ ಕೈಗೆ ನೋಟು ಇಡುವುದೂ ಉಂಟು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ರಣಗಂಬವನ್ನೂ ಇಲ್ಲಿ ನೆನೆಯಬೇಕು. ಗೋಕುಲಾಷ್ಟಮಿಯ ಹೊತ್ತಿನಲ್ಲಿ ನಡೆಯುವ ಈ ಜಾತ್ರೆಯಲ್ಲಿ, ಜಾರುವಂತೆ ನುಣುಪುಗೊಳಿಸಿ ನೆಟ್ಟ ಎತ್ತರದ ಕಂಬಗಳನ್ನು ಗುಂಪುಗುಂಪಾಗಿ ಬಂದ ಯುವಕರು ನೀರಿನ ಎರಚಾಟದ ನಡುವೆ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಏರಲು ಹೆಣಗುತ್ತಾರೆ. ತುದಿ ಮುಟ್ಟುವವನು ಒಬ್ಬನೇ. ಉಳಿದವರೆಲ್ಲ ಅವನ ಪಾದದ ಭಾರ ಹೊತ್ತವರು, ಮತ್ತು ನೋಡುವ ಜನ ಜಾರಿ ಬಿದ್ದವನಿಗೂ ಕೇಕೆ ಹಾಕುತ್ತಾರೆ.

ಇದರ ಪಕ್ಕದಲ್ಲಿಯೇ ಬೆಳೆದದ್ದು ಟೆನಿಸ್ ಚೆಂಡಿನ ಕ್ರಿಕೆಟ್. ಜೋಳ ಕಿತ್ತ ಎರೆಹೊಲದಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆಯಂಗಳದಲ್ಲಿ ಆಡುತ್ತಿದ್ದ ಹುಡುಗರಿಗೆ ಆಟದ ಜಾಗ ಕ್ರಮೇಣ ಕಿರಿದಾಯಿತೆಂಬುದು ಗಮನಿಸಬೇಕಾದ ಸಂಗತಿ. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ನೀರು ಸುರಪುರ ಮತ್ತು ಶಹಾಪುರದ ಹೊಲಗಳಿಗೆ ಹರಿಯತೊಡಗಿದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ಎರಡು ಬೆಳೆ ತೆಗೆಯುವ ಗದ್ದೆ ಬೇಸಿಗೆಯಲ್ಲೂ ಹುಡುಗರಿಗೆ ಬಯಲಾಗಿ ಸಿಗುವುದಿಲ್ಲ. ನೀರು ಬಂದದ್ದು ಈ ನಾಡಿನ ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲದ ಬಯಲು ಹೋದಾಗ ಅದಕ್ಕೆ ಬದಲಾಗಿ ಊರಿಗೊಂದು ಮೈದಾನ ಬೇಕೆಂಬ ಯೋಚನೆ ಯಾವ ನೀರಾವರಿ ಯೋಜನೆಯಲ್ಲೂ ಸೇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಊರಿನ ಅಭಿಮಾನ. ದೊಡ್ಡ ತಂಡಗಳ ವಿಷಯಕ್ಕೆ ಬಂದರೆ ಸಗರನಾಡಿನ ಮುಂದೆ ರಾಜ್ಯದ ಬಹುತೇಕ ಜಿಲ್ಲೆಗಳಿಗೆ ಇಲ್ಲದ ಒಂದು ಆಯ್ಕೆ ಇತ್ತು. 1948ರ ಸೆಪ್ಟೆಂಬರ್ 17ರವರೆಗೆ ಈ ನಾಡು ನಿಜಾಮನ ಆಳ್ವಿಕೆಯಲ್ಲಿತ್ತು, ಅನಂತರವೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹೈದರಾಬಾದ್ ಕ್ರಿಕೆಟ್ ತಂಡ 1937–38ರಲ್ಲಿ ರಣಜಿ ಟ್ರೋಫಿ ಗೆದ್ದಾಗ ಸಗರನಾಡು ಕಾನೂನಿನ ಪ್ರಕಾರ ಆ ತಂಡದ್ದೇ ನಾಡು. ದೂರದ ಲೆಕ್ಕವೂ ಅದೇ: ಯಾದಗಿರಿಯಿಂದ ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬೆಂಗಳೂರು ಸುಮಾರು 500 ಕಿಲೋಮೀಟರ್. ಆಸ್ಪತ್ರೆಗೆ, ಬಟ್ಟೆ ವ್ಯಾಪಾರಕ್ಕೆ, ಕೂಲಿಗೆ ಹೈದರಾಬಾದಿಗೆ ಹೋಗುವ ಕುಟುಂಬಗಳು ಇಂದಿಗೂ ಸಾವಿರಾರು. ಹೀಗಿದ್ದೂ ಸಗರನಾಡಿನ ಅಭಿಮಾನ ಹೈದರಾಬಾದನ್ನು ಬಿಟ್ಟು ದೂರದ ಬೆಂಗಳೂರನ್ನು ಆರಿಸಿಕೊಂಡಿತು. ಕಾರಣ ಭಾಷೆ ಎಂದಷ್ಟೇ ಹೇಳಿದರೆ ಸಾಲದು. ಏಕೀಕರಣದಲ್ಲಿ ಬೇರೆ ರಾಜ್ಯದಿಂದ ಬಂದು ಸೇರಿದ ನಾಡಿಗೆ ತಾನೂ ಕರ್ನಾಟಕದ್ದೇ ಎಂದು ಸಾರಿ ಹೇಳುವ ತವಕ ಹೆಚ್ಚು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ, ಅಂದರೆ 1973–74ರಲ್ಲಿ, ಕರ್ನಾಟಕ ತಂಡ ಮುಂಬೈಯ ಸತತ 15 ವರ್ಷಗಳ ಆಧಿಪತ್ಯವನ್ನು ಮುರಿದು ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಹೆಸರೂ ಕೀರ್ತಿಯೂ ಒಟ್ಟಿಗೆ ಬಂದ ಆ ವರ್ಷದ ಪುಳಕ ಗಡಿಭಾಗದ ಕನ್ನಡಿಗರಿಗೆ ಎಷ್ಟು ದೊಡ್ಡದಾಗಿತ್ತೆಂಬುದನ್ನು ರಾಜಧಾನಿಯಲ್ಲಿ ಕೂತವರು ಊಹಿಸಲಾರರು.

2008ರಲ್ಲಿ ಐಪಿಎಲ್, ಅಂದರೆ ನಗರಗಳ ಹೆಸರಿನಲ್ಲಿ ಖಾಸಗಿ ಮಾಲೀಕರು ತಂಡ ಕಟ್ಟಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಇಪ್ಪತ್ತು ಓವರುಗಳ ಪಂದ್ಯಾವಳಿ ಆರಂಭವಾದಾಗ ಈ ಆಯ್ಕೆ ಮತ್ತೊಮ್ಮೆ ಎದುರಾಯಿತು, ಮತ್ತು ಮತ್ತೊಮ್ಮೆ ಬೆಂಗಳೂರೇ ಗೆದ್ದಿತು. ಅದರ ಬೆಲೆಯನ್ನು ಸಗರನಾಡು ಬಡ್ಡಿ ಸಮೇತ ತೆತ್ತಿತು. 2009ರ ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆ ಕೇವಲ 16 ರನ್ ಕೊಟ್ಟು 4 ವಿಕೆಟ್ ಕಿತ್ತರೂ ಬೆಂಗಳೂರಿನ ತಂಡವಾದ ರಾಯಲ್ ಚಾಲೆಂಜರ್ಸ್ 6 ರನ್ನುಗಳಿಂದ ಸೋತಿತು. ಗೆದ್ದದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಮುಂದಿನ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲಿನಲ್ಲಿ ಮನೀಶ್ ಪಾಂಡೆ 144 ರನ್ ಹೊಡೆದರೂ ಕರ್ನಾಟಕ ಮುಂಬೈ ಎದುರು ಸೋತದ್ದು ಅದೇ 6 ರನ್ನುಗಳಿಂದ. 2011ರ ಐಪಿಎಲ್ ಫೈನಲಿನಲ್ಲಿ ಚೆನ್ನೈ ಎದುರು 58 ರನ್ನುಗಳ ಸೋಲು. 2016ರ ಫೈನಲಿನಲ್ಲಿ, ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, ಕ್ರಿಸ್ ಗೇಲ್ ಮತ್ತು ವಿರಾಟ್ ಕೊಹ್ಲಿ ಮೊದಲ ವಿಕೆಟಿಗೆ 114 ರನ್ ಕೂಡಿಸಿದ ಮೇಲೂ, 8 ರನ್ನುಗಳ ಸೋಲು. ಗೆದ್ದದ್ದು ಮತ್ತೆ ಹೈದರಾಬಾದ್. ಬೆಂಗಳೂರಿನ ಅಭಿಮಾನಿಗೆ ಅವು ಬರೀ ಸೋಲುಗಳು. ಆದರೆ ಹೈದರಾಬಾದಿನ ನೆರೆಯಲ್ಲಿದ್ದು, ಅಲ್ಲಿ ಕೂಲಿ ಮಾಡುವ ಬಂಧುಗಳನ್ನು ಇಟ್ಟುಕೊಂಡು, ಮನಸ್ಸನ್ನು ಮಾತ್ರ ಬೆಂಗಳೂರಿಗೆ ಕೊಟ್ಟ ಸಗರನಾಡಿನವನಿಗೆ ಹೈದರಾಬಾದಿನೆದುರಿನ ಆ ಎರಡು ಸೋಲುಗಳ ಕಹಿ ಬೇರೆಯೇ ಬಗೆಯದು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ದಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯುಕ್ತ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ವಾರದ ಕೊನೆಯಲ್ಲಿ ಗೆದ್ದರೆ ಸೋಮವಾರ ವಿದ್ಯಾರ್ಥಿಗಳು ಆ ವಿಶ್ವವಿದ್ಯಾಲಯದ ಗುರುತಿರುವ ಉಡುಪನ್ನು ಹೆಚ್ಚಾಗಿ ತೊಟ್ಟು ಬರುತ್ತಾರೆ, ಸೋತರೆ ಅಷ್ಟಾಗಿ ತೊಡುವುದಿಲ್ಲ ಎಂದು ಅವರು ಕಂಡುಕೊಂಡರು. ಇನ್ನೊಬ್ಬರ ಗೆಲುವಿನ ಬೆಳಕಿನಲ್ಲಿ ತಾನೂ ಹೊಳೆಯುವ ಈ ಪ್ರವೃತ್ತಿಯನ್ನು ಪ್ರತಿಫಲಿತ ಕೀರ್ತಿ ಎಂದು ಕರೆಯಬಹುದು. ಸಗರನಾಡಿನ ವಾಸ್ತವ ಈ ಸೂತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ಹದಿನೇಳು ವರ್ಷ ಪ್ರತಿ ಬೇಸಿಗೆಯಲ್ಲೂ ಕಪ್ಪಿಗಾಗಿ ಕಾದವರು, ‘ಈ ಸಲ ಕಪ್ ನಮ್ದೇ’ ಎಂದು ಕೂಗಿದವರು, ಪ್ರತಿ ಸಲ ಬರಿಗೈಯಲ್ಲಿ ಉಳಿದವರು, ಬೆಂಗಳೂರು ತಂಡದ ಕೆಂಪು ಅಂಗಿಯನ್ನು ತೆಗೆದಿಡಲಿಲ್ಲ. ಸುರಪುರದ ಚಹಾದಂಗಡಿಯಲ್ಲಾಗಲಿ ಯಾದಗಿರಿಯ ಬಸ್ ನಿಲ್ದಾಣದಲ್ಲಾಗಲಿ ಅದು ಗೆದ್ದವರ ಗುರುತಾಗಿರಲಿಲ್ಲ, ಬಿಟ್ಟುಹೋಗದವರ ಗುರುತಾಗಿತ್ತು. ಪ್ರತಿಫಲಿತ ಕೀರ್ತಿಯಿಂದ ವಿವರಿಸಲಾಗದ್ದನ್ನು ಜಾತ್ರೆಯ ಕುಸ್ತಿ ಕಣ ವಿವರಿಸುತ್ತದೆ ಎಂಬುದು ಈ ಉಪನ್ಯಾಸದ ದೃಢವಾದ ಅಭಿಪ್ರಾಯ.

ಆದರೆ ಅಭಿಮಾನಿಯ ಎದೆ ಒಡೆಯುವುದು ಸೋಲಿನಿಂದ ಮಾತ್ರವಲ್ಲ. ಊರಿನ ಹೆಸರನ್ನು ಎರವಲು ಪಡೆದು ಊರನ್ನೇ ಮರೆಯುವುದು ಅದಕ್ಕಿಂತ ದೊಡ್ಡ ನೋವು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಎಂಬ ತಂಡವಿದೆ. 2022ರ ಆಗಸ್ಟ್ 26ರಂದು ಮನೀಶ್ ಪಾಂಡೆ ನಾಯಕತ್ವದ ಈ ತಂಡ ಬೆಂಗಳೂರು ಬ್ಲಾಸ್ಟರ್ಸನ್ನು 11 ರನ್ನುಗಳಿಂದ ಸೋಲಿಸಿ ಮೊದಲ ಟ್ರೋಫಿಯನ್ನೇ ಎತ್ತಿಹಿಡಿಯಿತು. ಸಗರನಾಡೂ ಸೇರಿದ ಕಲ್ಯಾಣ ಕರ್ನಾಟಕದ ಹೆಸರಿನ ತಂಡ ರಾಜಧಾನಿಯ ಹೆಸರಿನ ತಂಡವನ್ನು ರಾಜಧಾನಿಯಲ್ಲೇ ಮಣಿಸಿದ ಆ ರಾತ್ರಿ ಈ ಭಾಗಕ್ಕೆ ಹಬ್ಬವಾಗಬೇಕಿತ್ತು. ಆದರೆ ಆ ಗುಲ್ಬರ್ಗಾ ತಂಡ ಪಂದ್ಯಾವಳಿಯ ಒಂದು ಪಂದ್ಯವನ್ನೂ ಕಲಬುರಗಿಯಲ್ಲಿ ಆಡಿರಲಿಲ್ಲ. 2022ರಲ್ಲಿ ಪಂದ್ಯಗಳು ಮೈಸೂರು ಮತ್ತು ಬೆಂಗಳೂರಿನಲ್ಲಿ ನಡೆದವು, 2023 ಮತ್ತು 2024ರಲ್ಲಿ ಬೆಂಗಳೂರಿನಲ್ಲಿ, 2025ರಲ್ಲಿ ಮೈಸೂರಿನಲ್ಲಿ. ಊರಿನ ಹೆಸರು 2014ರಲ್ಲೇ ಅಧಿಕೃತವಾಗಿ ಕಲಬುರಗಿ ಎಂದಾದದ್ದು ಕೂಡ ತಂಡದ ಅಂಗಿಯವರೆಗೆ ತಲುಪಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಬೇಸ್‌ಬಾಲ್ ತಂಡ ಡಾಡ್ಜರ್ಸ್, ಏಳು ಸಲ ಅಂತಿಮ ಸರಣಿ ಸೋತು, ಕೊನೆಗೂ 1955ರಲ್ಲಿ ಗೆದ್ದು, 1957ರ ಋತು ಮುಗಿದೊಡನೆ ಊರು ಬಿಟ್ಟು ಲಾಸ್ ಏಂಜಲೀಸಿಗೆ ಹೋದಾಗ ಅಲ್ಲಿನ ಜನ ತಲೆಮಾರುಗಟ್ಟಲೆ ಅದನ್ನು ಕ್ಷಮಿಸಲಿಲ್ಲ. ಬ್ರೂಕ್ಲಿನ್ನಿನವರ ತಂಡ ಬಂದು, ಇದ್ದು, ಹೋಯಿತು. ಕಲಬುರಗಿಗೆ ಅದರ ತಂಡ ಬಂದೇ ಇಲ್ಲ.

ಇದಕ್ಕೂ ಹಿಂದಿನದು ಕರ್ನಾಟಕ ಪ್ರೀಮಿಯರ್ ಲೀಗಿನ ಕಥೆ. ಬಿಜಾಪುರ, ಬಳ್ಳಾರಿ, ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳ ಹೆಸರಿಗೆ ತಂಡಗಳನ್ನು ಕೊಟ್ಟ ಆ ಪಂದ್ಯಾವಳಿ 2019ರಲ್ಲಿ ಮೋಸದಾಟದ ಆರೋಪದ ತನಿಖೆಗೆ ಸಿಕ್ಕಿ ನಿಂತುಹೋಯಿತು. ಮೋಸದಾಟವೆಂದರೆ ಹಣ ಪಡೆದು ಪಂದ್ಯದ ಗತಿಯನ್ನೋ ಫಲಿತಾಂಶವನ್ನೋ ಮೊದಲೇ ನಿಗದಿಮಾಡುವುದು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಆ ಪ್ರಕರಣವನ್ನು ರದ್ದುಮಾಡುತ್ತ, ಇಂಥ ಆಟದಿಂದ ಕ್ರೀಡಾಪ್ರಿಯರಿಗೆ ಮೋಸವಾಯಿತೆಂಬ ಭಾವನೆ ಹುಟ್ಟಬಹುದಾದರೂ ಅದು ದಂಡಸಂಹಿತೆಯ ಪ್ರಕಾರ ವಂಚನೆಯ ಅಪರಾಧವಾಗುವುದಿಲ್ಲ, ಪ್ರೇಕ್ಷಕರು ಟಿಕೆಟನ್ನು ತಾವಾಗಿಯೇ ಕೊಳ್ಳುತ್ತಾರೆ, ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂಬ ಅರ್ಥದಲ್ಲಿ ತೀರ್ಪು ನೀಡಿತು. ಕಾನೂನಿನ ಅಕ್ಷರದ ದೃಷ್ಟಿಯಿಂದ ತೀರ್ಪನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ ಅಭಿಮಾನಿ ಕೊಡುವುದು ಟಿಕೆಟಿನ ಹಣಕ್ಕಿಂತ ಎಷ್ಟೋ ಹೆಚ್ಚು. ಊರಿನ ಹೆಸರನ್ನೇ ನಂಬಿ ಅವನು ಕೊಟ್ಟದ್ದಕ್ಕೆ ಕಾನೂನಿನ ಪುಸ್ತಕದಲ್ಲಿ ಕಾಲಮ್ಮಿಲ್ಲ ಎಂಬುದು ಆ ತೀರ್ಪಿನಿಂದ ಸ್ಪಷ್ಟವಾಯಿತು.

ಹದಿನೆಂಟನೆಯ ವರ್ಷದಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. 2009ರಲ್ಲಿ ಕಳೆದುಕೊಂಡ ಅಂತರದಲ್ಲೇ ಅದು ಮರಳಿ ಸಿಕ್ಕಿತು. ಆ ತಂಡದ ಪಟ್ಟಿಯಲ್ಲಿ ನೆರೆಯ ರಾಯಚೂರಿನ ಮನೋಜ್ ಭಾಂಡಗೆ ಇದ್ದದ್ದು ಈ ಭಾಗಕ್ಕೆ ಹೆಚ್ಚುವರಿ ಸಂತೋಷ. ಮರುದಿನ, ಜೂನ್ 4ರ ಸಂಜೆ, ವಿಜಯೋತ್ಸವಕ್ಕೆಂದು ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ಲಕ್ಷಗಟ್ಟಲೆ ಜನ ಸೇರಿ, ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬ ಯಾದಗಿರಿ ಜಿಲ್ಲೆಯ ಹದಿಹರೆಯದ ಹುಡುಗ.

ಈ ಸಾವನ್ನು ಹನ್ನೊಂದರಲ್ಲಿ ಒಂದೆಂದು ಎಣಿಸಿ ಮುಂದೆ ಹೋಗುವುದು ಸಗರನಾಡಿಗೆ ಸಾಧ್ಯವಿಲ್ಲ. ಗುಳೆ, ಅಂದರೆ ಕೆಲಸ ಹುಡುಕಿಕೊಂಡು ಕುಟುಂಬ ಸಮೇತ ಊರು ಬಿಡುವುದು, ಈ ನಾಡಿನ ಬದುಕಿನ ಭಾಗವಾಗಿ ದಶಕಗಳೇ ಕಳೆದಿವೆ. ಸುಗ್ಗಿ ಮುಗಿದ ಮೇಲೆ ಯಾದಗಿರಿ ನಿಲ್ದಾಣದಿಂದ ಬೆಂಗಳೂರು, ಮುಂಬೈ, ಪುಣೆಗೆ ಹೊರಡುವ ರೈಲುಗಳ ಸಾಮಾನ್ಯ ಬೋಗಿಗಳಲ್ಲಿ ಗಂಟುಮೂಟೆ, ಪಾತ್ರೆ, ಮಕ್ಕಳು ತುಂಬಿರುತ್ತವೆ. ಬೆಂಗಳೂರಿನ ಅಂಚಿನಲ್ಲಿ ಏಳುತ್ತಿರುವ ಕಟ್ಟಡಗಳ ಬಳಿ ತಗಡಿನ ಶೆಡ್ಡುಗಳಲ್ಲಿ ಸಗರನಾಡಿನ ಕನ್ನಡ ಕೇಳಿಸುತ್ತದೆ. ಹೀಗೆ ರಾಜಧಾನಿಗೆ ಬಂದ ಮನೆಯ ಹುಡುಗನಿಗೆ ಬೆಂಗಳೂರಿನಲ್ಲಿ ಸ್ವಂತದ್ದೆಂದು ಹೇಳಿಕೊಳ್ಳಲು ಏನಿರುತ್ತದೆ? ಮನೆ ಬಾಡಿಗೆಯದು ಅಥವಾ ಶೆಡ್ಡಿನದು, ಮಾತು ಅಲ್ಲಿನವರಿಗೆ ಬೇರೆ ಸೀಮೆಯದೆಂದು ಗೊತ್ತಾಗುವಂಥದ್ದು. ಕೆಂಪು ಅಂಗಿ ತೊಟ್ಟಾಗ ಮಾತ್ರ ಅವನು ಆ ನಗರದವನೇ. ಅದಕ್ಕಾಗಿಯೇ ಅಂಥ ಹುಡುಗರು ಅಂದು ಕ್ರೀಡಾಂಗಣದ ಬಾಗಿಲಿಗೆ ಬಂದದ್ದು. ಮೂರು ತಲೆಮಾರು ಹೈದರಾಬಾದನ್ನು ಬಿಟ್ಟು ಬೆಂಗಳೂರನ್ನು ತನ್ನದೆಂದುಕೊಂಡ ನಾಡು, ಆ ಬಾಗಿಲಿನಲ್ಲಿ ತನ್ನ ಮಗುವನ್ನು ಕಳೆದುಕೊಂಡಿತು. ಸರ್ಕಾರವೂ ತಂಡವೂ ಪರಿಹಾರ ಘೋಷಿಸಿದವು, ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಆಯೋಗ ವಿಚಾರಣೆ ನಡೆಸಿತು. ಹಣದ ಪರಿಹಾರ ಕುಟುಂಬಕ್ಕೆ ಸಲ್ಲಬೇಕಾದದ್ದೇ. ಆದರೆ ನಾಡಿಗೆ ಸಲ್ಲಬೇಕಾದ ಬಾಕಿ ಬೇರೆ ಇದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ಪ್ರಾದೇಶಿಕ ಅಸಮತೋಲನದ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 39 ಅತ್ಯಂತ ಹಿಂದುಳಿದವೆಂದು ಗುರುತಿಸಲ್ಪಟ್ಟು, ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿದ್ದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಶಾಲೆ, ರಸ್ತೆ, ಆಸ್ಪತ್ರೆಯ ಕೊರತೆಯನ್ನು ತೂಗುವ ಇಂಥ ವರದಿಗಳು ಹುಲ್ಲಿನ ಮೈದಾನ, ತರಬೇತುದಾರ, ಪಂದ್ಯ ನೋಡುವ ಅವಕಾಶ ಇವುಗಳನ್ನು ತೂಗುವುದಿಲ್ಲ. ಹೊಟ್ಟೆಗಿಲ್ಲದ ಊರಿಗೆ ಆಟವೇಕೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೊಟ್ಟೆಗಿಲ್ಲದ ವರ್ಷಗಳಲ್ಲೂ ಜಾತ್ರೆಯ ಕುಸ್ತಿಯನ್ನು ನಿಲ್ಲಿಸದ ಜನರಿಗೆ ಈ ಉತ್ತರ ಸಲ್ಲದು. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರೈಲ್ವೇಸ್ ತಂಡದ ಮೂಲಕ ದೇಶೀಯ ಕ್ರಿಕೆಟ್ಟಿನಲ್ಲಿ ಹೆಸರು ಮಾಡಬೇಕಾಯಿತೆಂಬುದನ್ನು ಗಮನಿಸಿದರೆ, ಈ ಭಾಗದ ಪ್ರತಿಭೆಗೆ ದಾರಿ ಎಷ್ಟು ಸುತ್ತಿನದೆಂಬುದು ತಿಳಿಯುತ್ತದೆ. ಸಂವಿಧಾನದ 371(ಜೆ) ವಿಧಿ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯನ್ನೂ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯನ್ನೂ ಒದಗಿಸುವ ವ್ಯವಸ್ಥೆ, 2013ರಿಂದ ಜಾರಿಯಲ್ಲಿದೆ. ಆ ಮಂಡಳಿಯ ಹಣದಲ್ಲಿ ತಾಲ್ಲೂಕಿಗೊಂದು ನಿಜವಾದ ಆಟದ ಬಯಲು, ಕುಸ್ತಿಗೆ ಒಂದು ತಾಲೀಮು ಮನೆ, ಅದರಲ್ಲಿ ವರ್ಷಪೂರ್ತಿ ಇರುವ ಒಬ್ಬ ವಸ್ತಾದ, ಅಂದರೆ ಕುಸ್ತಿ ಗುರು, ಸಿಗುವಂತಾಗುವುದು ಅತಿಯಾಸೆಯಲ್ಲ.

ಜೂನ್ ದುರಂತದ ನಂತರ ಚಿನ್ನಸ್ವಾಮಿ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲವೆಂದು ಆಯೋಗ ಹೇಳಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು. ಪಂದ್ಯಗಳನ್ನು ಹಂಚಲೇಬೇಕಾದ ಕಾಲ ಬಂದಾಗಲೂ ಹಂಚಿಕೆಯ ನಕ್ಷೆಯಲ್ಲಿ ಕಲಬುರಗಿ ಕಾಣಲಿಲ್ಲ. ಅಲ್ಲಿ ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಂಗಣ ಎದ್ದ ಮೇಲೆಯೇ ಪಂದ್ಯ ಎನ್ನುವುದಾದರೆ ಇನ್ನೊಂದು ತಲೆಮಾರು ಕಾಯಬೇಕಾದೀತು. ಮಹಾರಾಜ ಟ್ರೋಫಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ, ಒಳ್ಳೆಯ ಪಿಚ್ಚು, ತಾತ್ಕಾಲಿಕ ಗ್ಯಾಲರಿ, ದೀಪ ಮತ್ತು ಅಗಲವಾದ ಬಾಗಿಲುಗಳು ಸಾಕು. ಯಾದಗಿರಿಯಿಂದ ವಾಡಿ ಮಾರ್ಗವಾಗಿ ಕಲಬುರಗಿ ಸುಮಾರು 80 ಕಿಲೋಮೀಟರ್. ಗುಲ್ಬರ್ಗಾ ಮಿಸ್ಟಿಕ್ಸ್ ವರ್ಷಕ್ಕೆ ನಾಲ್ಕು ಪಂದ್ಯಗಳನ್ನಾದರೂ ಅಲ್ಲಿ ಆಡಿದರೆ ಶಹಾಪುರದ ಹುಡುಗ ಮಧ್ಯಾಹ್ನದ ಬಸ್ಸು ಹತ್ತಿ, ಯಾದಗಿರಿಯವನು ರೈಲು ಹಿಡಿದು, ಪಂದ್ಯ ನೋಡಿ, ತಂಡ ಗೆದ್ದರೂ ಸೋತರೂ ಅದೇ ರಾತ್ರಿ ಮನೆಗೆ ಬಂದು ಊಟ ಮಾಡಬಹುದು.